ಬಚ್ಚಲ ಬಾಗಿಲಿಗೆ ಎಂಥ ಚಿಲಕ

ಮುಂಬಯಿಯ ಫ್ಲ್ಯಾಟುಗಳಲ್ಲಿ ಬಚ್ಚಲ ಬಾಗಿಲಿಗೆ ಸಾಮಾನ್ಯವಾಗಿ ಇರುವುದು ಒಳಗಿನಿಂದ ಮಾತ್ರ ಸರಿಸಿ ತೆಗೆಯಬಹುದಾದ ಚಿಲಕ. ಅಂಗಡಿಯವರು ಇದಕ್ಕೆ ಟವರ್ ಬೋಲ್ಟ್ ಎನ್ನುತ್ತಾರೆ. ನಾಲ್ಕೋ ಆರೋ ಅಂಗುಲದ ಒಂದು ಸರಳು, ಅದು ಹೋಗಿ ಕೂರುವ ತೂತು, ಆರೆಂಟು ಸ್ಕ್ರೂ. ಬಿಲ್ಡರು ಮನೆ ಒಪ್ಪಿಸುವಾಗ ಹಾಕಿಕೊಟ್ಟದ್ದು ಇಪ್ಪತ್ತು ಮೂವತ್ತು ವರ್ಷ ಹಾಗೆಯೇ ಇರುತ್ತದೆ. ಟೈಲ್ಸ್ ಬದಲಾಗುತ್ತದೆ, ಗೀಸರ್ ಬದಲಾಗುತ್ತದೆ, ಚಿಲಕದ ಕಡೆ ಯಾರೂ ನೋಡುವುದಿಲ್ಲ. ಅಷ್ಟರಲ್ಲಿ ಮನೆಯವರೇ ಬದಲಾಗಿರುತ್ತಾರೆ. ನಲವತ್ತರಲ್ಲಿ ಆ ಮನೆಗೆ ಬಂದವರು ಎಪ್ಪತ್ತು ದಾಟಿರುತ್ತಾರೆ, ಮೊಮ್ಮಗು ಅಂಬೆಗಾಲಿಡುತ್ತಿರುತ್ತದೆ, ಒಬ್ಬರಿಗೆ ಫಿಟ್ಸ್, ಇನ್ನೊಬ್ಬರಿಗೆ ಮರೆವು ಶುರುವಾಗಿರುತ್ತದೆ. ಇವರಲ್ಲಿ ಯಾರಾದರೂ ಚಿಲಕ ಹಾಕಿಕೊಂಡು ಒಳಗೆ ಬಿದ್ದರೆ ಹೊರಗಿನವರಿಗೆ ಉಳಿಯುವುದು ಬಾಗಿಲು ಒಡೆಯುವ ದಾರಿಯೊಂದೇ. ಬಾಗಿಲಿನ ಹಿಂದೆಯೇ ಅವರು ಬಿದ್ದಿದ್ದರೆ ಆ ದಾರಿಯೂ ಅಪಾಯದ್ದು.

ಬಚ್ಚಲ ಚಿಲಕದ ಕೆಲಸ ಮರೆ ಕೊಡುವುದು. ಒಳಗೆ ಒಬ್ಬರಿದ್ದಾರೆ, ಸ್ವಲ್ಪ ತಾಳಿ ಎಂದು ಹೊರಗಿನವರಿಗೆ ತಿಳಿಸಿದರೆ ಅದರ ಕೆಲಸ ಮುಗಿಯಿತು. ಕಳ್ಳನನ್ನು ತಡೆಯುವ ಹೊಣೆ ಅದಕ್ಕಿಲ್ಲ. ಆದರೆ ಬೀಗ ಎಂದರೆ ಗಟ್ಟಿ ಎಂಬ ಲೆಕ್ಕ ಈ ನಗರದಲ್ಲಿ ಬಹಳ ಹಳೆಯದು. ಅರ್ದೇಶಿರ್ ಗೋದ್ರೆಜ್ 1897ರಲ್ಲಿ ಲಾಲ್‌ಬಾಗಿನ ಒಂದು ಶೆಡ್ಡಿನಲ್ಲಿ ಬೀಗ ಮಾಡಲು ತೊಡಗಿದ್ದು ಕಳ್ಳತನದ ಭಯಕ್ಕೆ ಉತ್ತರವಾಗಿಯೇ. ಮುಂಬಾಗಿಲಿಗೆ ಸರಿಯಾದ ಆ ಲೆಕ್ಕವನ್ನು ಬಚ್ಚಲಿಗೂ ತಂದಾಗ ತಪ್ಪಾಗುತ್ತದೆ. ಇಲ್ಲಿ ಕೇಳಬೇಕಾದ ಪ್ರಶ್ನೆಗಳೇ ಬೇರೆ: ಹೊರಗಿನಿಂದ ಇದನ್ನು ಯಾರು ತೆಗೆಯಬಲ್ಲರು, ಯಾವುದರಿಂದ, ಎಷ್ಟು ನಿಮಿಷದಲ್ಲಿ?

ಮುಂಬಯಿಯ ಎಷ್ಟೋ ಕುಟುಂಬಗಳಿಗೆ ಬಚ್ಚಲ ಬಾಗಿಲೇ ಹೊಸದು. ಚಾಳಿನ ಖೋಲಿಯಲ್ಲಿ ಸ್ನಾನಕ್ಕೆ ಇದ್ದದ್ದು ಮೂಲೆಯ ಮೋರಿ, ಅದಕ್ಕೊಂದು ಗಿಡ್ಡ ಗೋಡೆ, ಬಹಳವೆಂದರೆ ಒಂದು ಪರದೆ. ಸಂಡಾಸು ಗ್ಯಾಲರಿಯ ತುದಿಯಲ್ಲಿ, ಮಾಳಿಗೆಯವರಿಗೆಲ್ಲ ಸೇರಿ. ಮೋರಿಯಲ್ಲಿ ಮರೆ ಕಡಿಮೆ, ಹೆಂಗಸರಿಗಂತೂ ದಿನವೂ ಸಂಕಟ. ಆದರೆ ಸ್ನಾನಕ್ಕೆ ಕೂತ ಅಜ್ಜಿಗೆ ತಲೆ ತಿರುಗಿದರೆ ಒಲೆಯ ಮುಂದಿದ್ದ ಸೊಸೆಗೆ ಎರಡೇ ಹೆಜ್ಜೆ. 1920ರ ದಶಕದಲ್ಲಿ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಕಟ್ಟಿಸಿದ ಬಿಡಿಡಿ ಚಾಳುಗಳ ಕೋಣೆಗಳು 160 ಚದರಡಿಯವು. 2025ರ ಆಗಸ್ಟ್‌ನಲ್ಲಿ ವರ್ಳಿಯ ಆ ಚಾಳುಗಳ ಮೊದಲ ಕಂತಿನ ಕುಟುಂಬಗಳಿಗೆ ಬಹುಮಹಡಿ ಕಟ್ಟಡದ 500 ಚದರಡಿ ಮನೆಗಳ ಕೀಲಿ ಸಿಕ್ಕಿತು. ಝೋಪಡಪಟ್ಟಿ ಪುನರ್ವಸತಿಯ 269 ಚದರಡಿ, 300 ಚದರಡಿ ಮನೆಗಳಿಗೂ ಹೀಗೆಯೇ ಪರದೆಯ ಮೋರಿಯಿಂದ ಜನ ಬಂದಿದ್ದಾರೆ. ಹೊಸ ಮನೆಯಲ್ಲಿ ಬಚ್ಚಲಿಗೂ ಸಂಡಾಸಿಗೂ ಬಾಗಿಲಿದೆ, ಬಾಗಿಲಿಗೆ ಚಿಲಕವಿದೆ. ಜೀವಮಾನವೆಲ್ಲ ಪರದೆ ಸರಿಸಿ ಒಳಹೋದ ವೃದ್ಧರಿಗೆ ಆ ಬಾಗಿಲು ಕೊಟ್ಟ ಗೌರವ ದೊಡ್ಡದು. ಅದನ್ನು ಕಸಿದುಕೊಳ್ಳದೆ ಅಪಾಯವನ್ನು ಮಾತ್ರ ತೆಗೆಯುವುದು ಸಾಧ್ಯ.

ಬೀಳುವುದು ಬಚ್ಚಲಿನಲ್ಲೇ ಹೆಚ್ಚು ಏಕೆ ಎಂಬುದಕ್ಕೆ ಒದ್ದೆ ನೆಲ ಒಂದು ಕಾರಣ ಮಾತ್ರ. ಬಿಸಿನೀರು ಮೈಮೇಲೆ ಬಿದ್ದಾಗ ಚರ್ಮದ ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಇಳಿಯುತ್ತದೆ. ಕೂತಲ್ಲಿಂದ ದಿಢೀರನೆ ಎದ್ದಾಗಲೂ ಹಾಗೆಯೇ. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ವೈದ್ಯರು ಅದನ್ನು ರೋಗಲಕ್ಷಣವೆಂದೇ ಗಣಿಸುತ್ತಾರೆ. ಮಲಬದ್ಧತೆಯಿಂದ ತಿಣುಕಿದಾಗ, ಮಧ್ಯರಾತ್ರಿ ಎದ್ದು ನಿಂತು ಮೂತ್ರ ಮಾಡುವಾಗ ಕೆಲವರಿಗೆ ಕಣ್ಣು ಕತ್ತಲಿಡುತ್ತದೆ. ಬಿಪಿಯ ಮಾತ್ರೆ, ಪ್ರೋಸ್ಟೇಟ್‌ಗೆ ಕೊಡುವ ಕೆಲವು ಮಾತ್ರೆ ಇದನ್ನು ಹೆಚ್ಚಿಸುತ್ತವೆ. ಅಂದರೆ ಯಾವ ಹೊತ್ತಿನಲ್ಲಿ ಮನುಷ್ಯ ಚಿಲಕ ಹಾಕಿಕೊಂಡು ಒಬ್ಬನೇ ಇರುತ್ತಾನೋ ಅದೇ ಹೊತ್ತಿನಲ್ಲಿ ಬೀಳುವ ಸಂಭವವೂ ಹೆಚ್ಚು. ಹೃದಯ ನಿಂತರೆ ನಾಲ್ಕೈದು ನಿಮಿಷದಲ್ಲಿ ಮಿದುಳಿಗೆ ಪೆಟ್ಟು ಬೀಳತೊಡಗುತ್ತದೆ. ಸುತ್ತಿಗೆ ಹುಡುಕಿ, ಪಕ್ಕದ ಮನೆಯವರನ್ನು ಕರೆದು ಬಾಗಿಲು ಮುರಿಯುವುದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಗ್ಯಾಸ್ ಗೀಸರ್ ಇರುವ ಮನೆಗಳಲ್ಲಿ ಇನ್ನೊಂದು ಅಪಾಯವಿದೆ, ಅದು ಆರೋಗ್ಯವಂತರನ್ನೂ ಬಿಡುವುದಿಲ್ಲ. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸು ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಮಿಕ್ಕಿದ ಬಲದಿಂದ ಅಂಟಿಕೊಳ್ಳುತ್ತದೆ. ಉಸಿರಾಡಿದವರಿಗೆ ಮೊದಲು ತಲೆಭಾರ, ಆಮೇಲೆ ಕೈಕಾಲು ಸೋಲು. ಅಪಾಯವೆಂದು ಹೊಳೆಯುವ ಹೊತ್ತಿಗೆ ಎದ್ದು ಚಿಲಕ ತೆಗೆಯುವ ಶಕ್ತಿ ಇರುವುದಿಲ್ಲ. 2020ರ ಜನವರಿಯಲ್ಲಿ ಬೋರಿವಲಿಯಲ್ಲಿ ಇಂಥ ಒಂದು ಸಾವು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಗೀಸರನ್ನು ಬಚ್ಚಲಿನಿಂದ ಹೊರಗೆ, ಗಾಳಿ ಬರುವ ಕಡೆ ಇಡುವುದು ಇದಕ್ಕೆ ನಿಜವಾದ ಪರಿಹಾರ. ಯಾವ ಚಿಲಕವೂ ಅದರ ಬದಲಿಗೆ ನಿಲ್ಲದು. ಆದರೆ ಒಳಗಿನವರು ಓಗೊಡದಿದ್ದಾಗ ಬಾಗಿಲು ಅರ್ಧ ನಿಮಿಷದಲ್ಲಿ ತೆರೆದರೆ ಒಂದು ಜೀವ ಉಳಿಯಬಹುದು.

ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಬಗೆಗಳನ್ನು ಈ ಕಣ್ಣಿನಿಂದ ನೋಡಬೇಕು. ಟವರ್ ಬೋಲ್ಟಿಗೆ ಭಾರತೀಯ ಮಾನಕವೇ ಇದೆ, ಐಎಸ್ 204. ಸರಳಿನ ಅಳತೆ, ಲೋಹ, ಮೆರುಗು ಎಲ್ಲ ಅದರಲ್ಲಿ ಬರುತ್ತದೆ. ಎಷ್ಟೇ ಒಳ್ಳೆಯ ಮಾಲಾದರೂ ಅದಕ್ಕೆ ಹೊರಮುಖವೇ ಇಲ್ಲ. ಹಳೆಯ ಮನೆಗಳಲ್ಲಿ ಇಂಥವು ಎರಡಿರುತ್ತವೆ, ಒಂದು ಬಾಗಿಲಿನ ನೆತ್ತಿಯಲ್ಲಿ, ಒಂದು ಬುಡದಲ್ಲಿ. ವೃದ್ಧರು, ರೋಗಿಗಳು, ಮಕ್ಕಳು ಬಳಸುವ ಬಚ್ಚಲಿನಿಂದ ಎರಡನ್ನೂ ಬಿಚ್ಚಿ ತೆಗೆಯುವುದು ಮೊದಲ ಕೆಲಸ. ಹೊಸ ಲಾಕ್ ಹಾಕಿಸಿ ಹಳೆಯ ಚಿಲಕವನ್ನೂ ಉಳಿಸಿಕೊಳ್ಳುವವರಿದ್ದಾರೆ. ಕೈ ರೂಢಿಯಂತೆ ಹಳೆಯದಕ್ಕೇ ಹೋಗುವುದರಿಂದ ಹೊಸದಕ್ಕೆ ಸುರಿದ ದುಡ್ಡು ದಂಡ.

ಟವರ್ ಬೋಲ್ಟಿನ ಜಾಗಕ್ಕೆ ಸುಲಭವಾಗಿ, ಕಡಿಮೆ ಖರ್ಚಿನಲ್ಲಿ ಕೂರುವುದು ಬೇಬಿ ಲ್ಯಾಚ್. ಬಾಗಿಲಿನ ದಪ್ಪದಲ್ಲಿ ಹುದುಗುವ ಸಣ್ಣ ಚಿಲಕ ಇದು. ಒಳಗಡೆ ತಿರುಗಿಸುವ ಗುಬ್ಬಿ. ಇದರಲ್ಲಿ ಎರಡು ಬಗೆ. ಒಂದರ ಹೊರಗಡೆ ಬರೀ ತಗಡು. ಇನ್ನೊಂದರ ಹೊರಗಡೆ ನಾಣ್ಯ ಹಾಕಿ ತಿರುಗಿಸಬಹುದಾದ ಸೀಳು. ನೋಡಲು ಎರಡೂ ಒಂದೇ ತರಹ ಇರುವುದರಿಂದ ಅಂಗಡಿಯಲ್ಲಿ ಕಾಯಿನ್ ಇರುವುದೇ ಬೇಕು ಎಂದು ಬಿಡಿಸಿ ಹೇಳಬೇಕು, ಅಲ್ಲಿಯೇ ಜೇಬಿನ ನಾಣ್ಯ ಹಾಕಿ ತಿರುಗಿಸಿಯೂ ನೋಡಬೇಕು. ಸೀಳು ಕಿರಿದಾಗಿದ್ದರೆ ನಾಣ್ಯ ಹೊಗುವುದಿಲ್ಲ, ಆಳ ಸಾಲದಿದ್ದರೆ ಜಾರುತ್ತದೆ.

ಇದಕ್ಕಿಂತ ಒಂದು ಮೆಟ್ಟಿಲು ಮೇಲಿನದು ಬಾಗಿಲಿನ ಅಂಚನ್ನು ಕೊರೆದು ಒಳಗೆ ಕೂರಿಸುವ, ಹ್ಯಾಂಡಲ್ ಸಹಿತವಾದ ಮಾರ್ಟಿಸ್ ಬಾತ್‌ರೂಮ್ ಲಾಕ್. ಬೆಡ್‌ರೂಮಿನ ಮಾರ್ಟಿಸ್ ಲಾಕಿಗೆ ಕೀಲಿ ಬೇಕು. ಬಾತ್‌ರೂಮಿನದಕ್ಕೆ ಕೀಲಿಯ ಜಾಗದಲ್ಲಿ ಒಳಗೆ ತಿರುಗುಗುಬ್ಬಿ, ಹೊರಗೆ ನಾಣ್ಯದ ಸೀಳು. ಕೆಲವುಗಳ ಸೀಳಿನ ಪಕ್ಕ ಕೆಂಪು ಹಸಿರು ಗುರುತೂ ಇರುತ್ತದೆ. ಕಿವಿ ಮಂದವಾದವರು ಇರುವ ಮನೆಗೆ ಈ ಗುರುತು ಬಹಳ ಉಪಕಾರಿ, ಬಾಗಿಲು ಬಡಿದು ಕೇಳುವ ಪ್ರಮೇಯವೇ ಇಲ್ಲ. ಹ್ಯಾಂಡಲ್ ಉದ್ದನೆಯ ಹಿಡಿಯದಾಗಿರಬೇಕು. ಗಂಟುನೋವಿನ ಬೆರಳಿಗೆ, ಪಾರ್ಕಿನ್ಸನ್‌ನಿಂದ ನಡುಗುವ ಕೈಗೆ, ಸೋಪು ಹತ್ತಿದ ಅಂಗೈಗೆ ಗುಂಡನೆಯ ಹಿಡಿ ಸಿಗುವುದಿಲ್ಲ. ಉದ್ದ ಹಿಡಿಯಾದರೆ ಮೊಣಕೈಯಿಂದ ಒತ್ತಿದರೂ ಸಾಕು. ಅದೇ ಕಾರಣಕ್ಕೆ ಒಳಗಿನ ಗುಬ್ಬಿಯೂ ದೊಡ್ಡದಾಗಿ, ರೆಕ್ಕೆಯಂತೆ ಚಾಚಿಕೊಂಡಿರಬೇಕು. ಹೊರಗಿನಿಂದ ತೆಗೆಯಲು ಬರುವ ಲಾಕ್ ಒಳಗಿನಿಂದ ತೆಗೆಯಲು ಕಷ್ಟವಾದರೆ ಅದೂ ಒಂದು ಸೆರೆಯೇ.

ಗುಂಡು ಲಾಕ್ ಎಂದು ಕರೆಯುವ ಸಿಲಿಂಡ್ರಿಕಲ್ ಲಾಕ್ ಹಲವು ಮನೆಗಳಲ್ಲಿ ಈಗಾಗಲೇ ಇದೆ. ಒಳಗಡೆ ಒತ್ತುವ ಗುಂಡಿ, ಹೊರಗಡೆಯ ಹಿಡಿಯ ನಡುವೆ ಸಣ್ಣ ರಂಧ್ರ. ರಂಧ್ರದಲ್ಲಿ ತೆಳ್ಳನೆಯ ಗಟ್ಟಿ ಕಡ್ಡಿ ತೂರಿಸಿ ಒತ್ತಿದರೆ ತೆರೆಯುತ್ತದೆ. ಇದು ತೆಗೆದುಹಾಕಬೇಕಾದ ಲಾಕೇನಲ್ಲ, ಆದರೆ ಆ ಕಡ್ಡಿ ಎಲ್ಲಿದೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ರಂಧ್ರದ ಬದಲು ಕೀಲಿ ಇರುವ ಬಗೆಯಾದರೆ ಇನ್ನೂ ಕಷ್ಟ, ಕೀಲಿ ಕೊಂಡ ವರ್ಷವೇ ಕಳೆದುಹೋಗಿರುತ್ತದೆ. ಬೆರಳಚ್ಚಿನ, ನಂಬರು ಒತ್ತುವ ಲಾಕುಗಳ ವಿಷಯ ಒಂದೇ ಮಾತಿನಲ್ಲಿ ಮುಗಿಯುತ್ತದೆ: ಬಚ್ಚಲಿನ ತೇವಕ್ಕೆ ಅವು ಸಲ್ಲವು.

ಲಾಕ್ ಎಷ್ಟೇ ಸರಿಯಿದ್ದರೂ ಬಾಗಿಲು ಯಾವ ಕಡೆ ತೆರೆಯುತ್ತದೆ ಎಂಬುದರ ಮೇಲೆ ಅರ್ಧ ಫಲ ನಿಂತಿದೆ. ಮುಂಬಯಿಯ ಫ್ಲ್ಯಾಟುಗಳಲ್ಲಿ ಬಚ್ಚಲ ಬಾಗಿಲು ಹೆಚ್ಚಾಗಿ ಒಳಕ್ಕೆ ತೆರೆಯುತ್ತದೆ, ಹೊರಗಿನ ಪ್ಯಾಸೇಜು ಇಕ್ಕಟ್ಟಿನದು ಎಂಬ ಕಾರಣಕ್ಕೆ. ಬಚ್ಚಲೂ ಇಕ್ಕಟ್ಟೇ. ಒಳಗೆ ಬಿದ್ದವರ ಮೈ ಬಾಗಿಲಿಗೆ ಅಡ್ಡ ಬರುತ್ತದೆ; ನಾಣ್ಯ ತಿರುಗಿಸಿ ಚಿಲಕ ತೆಗೆದರೂ ಬಾಗಿಲು ನಾಲ್ಕು ಬೆರಳಿಗಿಂತ ಹೆಚ್ಚು ಸರಿಯುವುದಿಲ್ಲ, ಬಲವಾಗಿ ತಳ್ಳಿದರೆ ಅವರ ತಲೆಗೋ ಸೊಂಟಕ್ಕೋ ಏಟು. ಕೀಲು ಬಿಚ್ಚೋಣವೆಂದರೆ, ಬಾಗಿಲು ತೆರೆಯುವ ದಿಕ್ಕಿನಲ್ಲೇ ಕೀಲಿನ ಗಂಟು ಇರುವುದರಿಂದ, ಒಳತೆರೆಯುವ ಬಾಗಿಲಿನ ಕೀಲುಗಳು ಒಳಗೇ ಉಳಿಯುತ್ತವೆ. ಹೀಗಾಗಿ ಸಾಧ್ಯವಿರುವಲ್ಲೆಲ್ಲ ಬಾಗಿಲನ್ನು ಹೊರತೆರೆಯುವಂತೆ ತಿರುಗಿಸಿ ಕೂರಿಸುವುದು ಒಳ್ಳೆಯದು. ಗೋಡೆ ಮುಟ್ಟುವ ಅಗತ್ಯವಿಲ್ಲ, ಬಡಗಿ ಚೌಕಟ್ಟಿನ ಕಚ್ಚನ್ನು ಬದಲಿಸಿ ಕೀಲು ಹೊರಮುಖಕ್ಕೆ ಹಾಕಿದರೆ ಆಯಿತು. ಪ್ಯಾಸೇಜಿನಲ್ಲಿ ಜಾಗವೇ ಇಲ್ಲದಿದ್ದರೆ ಮಡಚುವ ಪಿವಿಸಿ ಬಾಗಿಲೋ, ಗೋಡೆಯ ಗುಂಟ ಸರಿಯುವ ಬಾಗಿಲೋ ಆಗಬಹುದು.

ಸಾರ್ವಜನಿಕ ಕಟ್ಟಡಗಳ ವಿಷಯದಲ್ಲಿ ಈ ತಿಳಿವಳಿಕೆ ಬರಹಕ್ಕೆ ಇಳಿದಿದೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು. ಕೇಂದ್ರದ ನಗರ ವ್ಯವಹಾರಗಳ ಸಚಿವಾಲಯ 2021ರಲ್ಲಿ ಹೊರತಂದ ಸುಗಮ್ಯತೆಯ ಮಾರ್ಗಸೂಚಿಯ ಪ್ರಕಾರ ಅಂಗವಿಕಲರ ಶೌಚಾಲಯದ ಬಾಗಿಲು ಹೊರಕ್ಕೆ ತೆರೆಯಬೇಕು ಅಥವಾ ಸರಿಯಬೇಕು, ಕನಿಷ್ಠ 900 ಮಿಲಿಮೀಟರ್ ದಾರಿ ಬಿಡಬೇಕು, ಚಿಲಕ ತುರ್ತಿನಲ್ಲಿ ಹೊರಗಿನಿಂದ ತೆಗೆಯಲು ಬರಬೇಕು. ಮಾಲ್‌ಗೆ, ಆಸ್ಪತ್ರೆಗೆ ಸಲ್ಲುವ ಈ ಮಾತು ಸ್ವಂತ ಮನೆಯ ಬಚ್ಚಲಿಗೆ ಕಡ್ಡಾಯವಲ್ಲ. ಮುಪ್ಪಿನಲ್ಲಿ ಮನುಷ್ಯ ಬಹುಪಾಲು ಕಳೆಯುವುದು ಮಾತ್ರ ಮನೆಯಲ್ಲೇ.

ಯಾರಿಗಾಗಿ ಎಂಬುದರ ಮೇಲೆ ಆಯ್ಕೆ ಬದಲಾಗುತ್ತದೆ. ಫಿಟ್ಸ್ ಹತೋಟಿಗೆ ಬಾರದವರು ಚಿಲಕವನ್ನೇ ಹಾಕಬಾರದು ಎಂಬುದು ವೈದ್ಯರು ಸಾಮಾನ್ಯವಾಗಿ ಕೊಡುವ ಸಲಹೆ. ಬಾಗಿಲು ತಾನಾಗಿ ತೆರೆದುಕೊಳ್ಳದಂತೆ ಹಿಡಿದಿಡಲು ಒಂದು ಮ್ಯಾಗ್ನೆಟ್ ಕ್ಯಾಚ್ ಸಾಕು. ಹಿಡಿಗೆ ‘ಒಳಗಿದ್ದಾರೆ’ ಎಂಬ ಬೋರ್ಡು ತಗುಲಿಸಿದರೆ ಮರೆಯೂ ಉಳಿಯುತ್ತದೆ. ಮರೆವಿನ ಕಾಯಿಲೆಯವರ ತೊಂದರೆ ಬೇರೆ ಬಗೆಯದು. ಅವರು ಬೀಳದೆಯೂ ಸಿಕ್ಕಿಬೀಳುತ್ತಾರೆ. ಚಿಲಕ ಹಾಕಿದ್ದು ನೆನಪಿರುವುದಿಲ್ಲ, ತೆಗೆಯುವ ಬಗೆ ತೋಚುವುದಿಲ್ಲ, ಹೊರಗೆ ಕೂಗಾಟ ಹೆಚ್ಚಿದಷ್ಟೂ ಗಾಬರಿ ಹೆಚ್ಚುತ್ತದೆ. ಅವರಿಗೆ ಹೊಸ ಮಾದರಿಯ ಲಾಕ್ ಕಲಿಸಲು ಹೊರಡುವುದು ಕ್ರೌರ್ಯ. ಹಳೆಯ ಹಿಡಿಯನ್ನು ಹಾಗೇ ಬಿಟ್ಟು ಚಿಲಕವೊಂದನ್ನೇ ತೆಗೆಯುವುದು ಅಥವಾ ಅದು ಸೇರುವ ತೂತಿನ ಪಟ್ಟಿಯನ್ನು ಬಿಚ್ಚುವುದು ಮೇಲು. ಸರಳು ಸರಿಯುತ್ತದೆ, ಚಿಲಕ ಹಾಕಿದೆನೆಂಬ ಸಮಾಧಾನ ಸಿಗುತ್ತದೆ, ಬಾಗಿಲು ಮಾತ್ರ ಬಿಗಿಯುವುದಿಲ್ಲ.

ಮಗುವಿನ ವಿಷಯದಲ್ಲಿ ಲೆಕ್ಕ ತಿರುಗುಮುರುಗು. ಮಗು ಒಳಗೆ ಸಿಕ್ಕಿಕೊಳ್ಳುವುದಕ್ಕಿಂತ ಯಾರ ಕಣ್ಣಿಗೂ ಬೀಳದೆ ಒಳಗೆ ಹೋಗುವುದು ದೊಡ್ಡ ಅಪಾಯ. ಮುಂಬಯಿಯಲ್ಲಿ ಮಹಾನಗರಪಾಲಿಕೆಯ ನೀರು ದಿನಕ್ಕೆ ಕೆಲವೇ ಗಂಟೆ ಬರುತ್ತದೆ. ಆದ್ದರಿಂದ ಎಷ್ಟೋ ಮನೆಗಳ ಬಚ್ಚಲಿನಲ್ಲಿ ತುಂಬಿಟ್ಟ ಬಕೆಟ್ಟು, ಡ್ರಮ್ಮು ಇದ್ದೇ ಇರುತ್ತವೆ. ವರ್ಷ ಎರಡು ವರ್ಷದ ಮಗುವಿಗೆ ಮೈಗೆ ಹೋಲಿಸಿದರೆ ತಲೆ ಭಾರ. ಬಕೆಟ್ಟಿಗೆ ಬಗ್ಗಿ ಮುಗ್ಗರಿಸಿದರೆ ತಾನಾಗಿ ಮೇಲೇಳಲಾರದು, ಕೆಲವೇ ಅಂಗುಲ ನೀರಿನಲ್ಲಿ, ಸದ್ದಿಲ್ಲದೆ ಮುಳುಗುತ್ತದೆ. ಇಂಥ ಮನೆಯಲ್ಲಿ ಬಚ್ಚಲ ಬಾಗಿಲಿನ ಹೊರಗಡೆ, ಮಗುವಿನ ಕೈಗೆ ಎಟುಕದಂತೆ ಐದಡಿ ಎತ್ತರದಲ್ಲಿ ಒಂದು ಸಣ್ಣ ಕೊಂಡಿ ಬೇಕು, ಡ್ರಮ್ಮಿಗೆ ಭದ್ರವಾದ ಮುಚ್ಚಳ ಬೇಕು.

ಆದರೆ ಈ ಹೊರಗಿನ ಕೊಂಡಿ ಮನೆಯ ವೃದ್ಧರಿಗೆ ಮುಳುವಾಗಬಹುದು. ಗಾಳಿಗೆ ಬಾಗಿಲು ಬಡಿಯದಿರಲಿ, ಇಲಿ ಬಾರದಿರಲಿ ಎಂದು ಎಷ್ಟೋ ಮನೆಗಳಲ್ಲಿ ಹೊರಗಡೆ ಆಲ್ಡ್ರಾಪ್, ಅಂದರೆ ಅಡ್ಡಕ್ಕೆ ಸರಿಯುವ ದಪ್ಪ ಸರಳಿನ ಅಗುಳಿ, ಇರುತ್ತದೆ. ಅವಸರದಲ್ಲಿ ಅದನ್ನು ಹಾಕಿ ಕೆಲಸಕ್ಕೆ ಹೊರಟವರು ಒಳಗೆ ಯಾರಾದರೂ ಇದ್ದಾರೆಯೇ ಎಂದು ನೋಡುವುದಿಲ್ಲ. ಸಂಜೆಯವರೆಗೂ ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿಗೆ ಇದು ಎಂಥ ದಿನ ಎಂದು ಬಿಡಿಸಿ ಹೇಳಬೇಕಿಲ್ಲ. ಮಗುವೂ ವೃದ್ಧರೂ ಇರುವ ಮನೆಯಲ್ಲಿ ಆಲ್ಡ್ರಾಪ್ ತೆಗೆಸಿ, ಒಳಗಿನಿಂದ ಬಲವಾಗಿ ತಳ್ಳಿದರೆ ಬಿಟ್ಟುಕೊಳ್ಳುವ ಹಗುರ ಕ್ಯಾಚನ್ನು ಎತ್ತರದಲ್ಲಿ ಹಾಕಿಸುವುದು ಇಬ್ಬರಿಗೂ ಹೊಂದುತ್ತದೆ.

ಸುರಕ್ಷತೆಯ ಹೆಸರಿನಲ್ಲಿ ಎಲ್ಲರ ಚಿಲಕವನ್ನೂ ಕಿತ್ತುಹಾಕುವುದು ಸರಿಯಲ್ಲ. ಮುನ್ನೂರು ಚದರಡಿಯಲ್ಲಿ ಆರು ಜನ ಬದುಕುವ ಮನೆಯಲ್ಲಿ ಹರೆಯದ ಹುಡುಗಿಗೆ, ಸೊಸೆಗೆ, ಅತ್ತೆಗೆ ಕೂಡ ಬಾಗಿಲು ಹಾಕಿಕೊಂಡು ಐದು ನಿಮಿಷ ಒಬ್ಬರೇ ಇರಲು ಬೇರೆ ಜಾಗವಿಲ್ಲ. ಮನೆಯೊಳಗೇ ಹೊಡೆತ ಬಡಿತ ಇರುವಲ್ಲಿ ಆ ಚಿಲಕವೇ ಆಸರೆ. ಯಾರ ಚಿಲಕ ತೆಗೆಯಬೇಕಾಗಿದೆಯೋ ಅವರನ್ನು ಕೇಳಿ, ಕಾರಣ ತಿಳಿಸಿ ಮಾಡುವುದೇ ಮರ್ಯಾದೆ. ಎಂಬತ್ತು ವರ್ಷದವರಿಗೂ ನಾಚಿಕೆ ಇದೆ. ಬಾಗಿಲು ಭದ್ರವಿಲ್ಲವೆಂದು ಸ್ನಾನವನ್ನೇ ಮುಂದೂಡುವ, ನೀರು ಕುಡಿಯುವುದನ್ನೇ ಕಡಿಮೆ ಮಾಡುವ ಹಿರಿಯರಿದ್ದಾರೆ. ನಾಣ್ಯದ ಲಾಕ್ ಎಲ್ಲಕ್ಕಿಂತ ಒಳ್ಳೆಯದು ಅನ್ನಿಸುವುದು ಇದಕ್ಕಾಗಿಯೇ. ಒಳಗಿನವರಿಗೆ ಅದು ಪೂರ್ತಿ ಚಿಲಕ.

ಕೂರಿಸುವಾಗ ಬಾಗಿಲು ಯಾವುದರದ್ದು ಎಂದು ನೋಡಬೇಕು. ಬಚ್ಚಲಿಗೆ ಈಗ ಸಾಮಾನ್ಯವಾಗಿರುವ ಪಿವಿಸಿ ಬಾಗಿಲುಗಳು ಒಳಗೆ ಟೊಳ್ಳು. ಮಾರ್ಟಿಸ್ ಲಾಕಿಗೆ ಕೊರೆದರೆ ಸ್ಕ್ರೂ ಹಿಡಿಯುವುದಿಲ್ಲ, ಆರು ತಿಂಗಳಲ್ಲಿ ಅಲ್ಲಾಡತೊಡಗುತ್ತದೆ. ಲಾಕ್ ಬರುವ ಕಡೆ ಮರದ ತುಂಡು ಕೂರಿಸಿಕೊಂಡಿರುವ ಬಾಗಿಲು ಕೊಳ್ಳಬೇಕು, ಇಲ್ಲವೇ ಮೇಲ್ಮೈಗೆ ಕೂರುವ ನಾಣ್ಯದ ಚಿಲಕ ಹಾಕಿಸಬೇಕು. ಮರದ ಬಾಗಿಲಾದರೆ ಮಳೆಗಾಲದ ಚಿಂತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ, ಚಿಲಕ ತೆಗೆದರೂ ಬಾಗಿಲು ಬರುವುದಿಲ್ಲ. ಬಲವಿಲ್ಲದ ಕೈಗೆ ಅದು ಬೀಗವೇ. ಮೇ ತಿಂಗಳಲ್ಲಿ ಅಂಚನ್ನು ಒಂದಿಷ್ಟು ಹೆರೆಸಿ, ಹೆರೆದ ಕಡೆ ಬಣ್ಣ ಹಚ್ಚಿಸಿದರೆ ನೀರು ಹೀರುವುದಿಲ್ಲ. ಕಡಲ ಉಪ್ಪುಗಾಳಿಗೆ ಕಬ್ಬಿಣದ ಚಿಲಕ ಬೇಗ ತುಕ್ಕು ಹಿಡಿಯುತ್ತದೆ, ಆದ್ದರಿಂದ ಹಿತ್ತಾಳೆ ಅಥವಾ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ಸಮುದ್ರದ ಎದುರೇ ಮನೆಯಾದರೆ 316.

ಇಷ್ಟೆಲ್ಲ ಆದಮೇಲೂ ಒಂದು ಬಾಗಿಲು ಉಳಿಯುತ್ತದೆ. ಮುಂಬಯಿಯ ಫ್ಲ್ಯಾಟಿಗೆ ಮುಂದೆ ಎರಡು ಬಾಗಿಲು, ಸೇಫ್ಟಿ ಡೋರ್ ಒಂದು, ಮೇನ್ ಡೋರ್ ಒಂದು. ಮಕ್ಕಳು ಪುಣೆಯಲ್ಲೋ ಅಮೆರಿಕದಲ್ಲೋ ಇದ್ದು ಮನೆಯಲ್ಲಿ ಒಬ್ಬರೇ ಇರುವ ಹಿರಿಯರು ಎರಡಕ್ಕೂ ಒಳಗಿನಿಂದ ಅಗುಳಿ ಹಾಕಿ ಸ್ನಾನಕ್ಕೆ ಹೋದರೆ, ಬಚ್ಚಲಿಗೆ ಎಂಥ ಒಳ್ಳೆಯ ಲಾಕ್ ಇದ್ದೂ ಏನು ಬಂತು? ಅಲ್ಲಿಯವರೆಗೆ ಯಾರೂ ತಲುಪಲಾರರು. ಬಚ್ಚಲ ಡಕ್ಟಿನ ಕಡೆಯ ಗಾಜಿನ ಪಟ್ಟಿ ಕಳಚಿ ಒಳಗಿಳಿಯುವುದು ಮೊದಲ ಮಾಳಿಗೆಯಲ್ಲೇ ಅಪಾಯ, ಹದಿನಾಲ್ಕನೆಯದರಲ್ಲಿ ಆಗದ ಮಾತು. ಒಬ್ಬರೇ ಇರುವವರು ಹಗಲಿನಲ್ಲಿ ಅಗುಳಿ ಬಿಟ್ಟು ಬರೀ ನೈಟ್ ಲ್ಯಾಚ್ ಹಾಕಿಕೊಳ್ಳಬೇಕು, ಅದರ ಇನ್ನೊಂದು ಕೀಲಿ ಎದುರು ಮನೆಯವರ ಬಳಿ ಇರಬೇಕು. ಬಚ್ಚಲಿನಲ್ಲಿ ನೀರು ತಾಗದ ಬ್ಯಾಟರಿ ಬೆಲ್ಲಿನ ಗುಂಡಿಯನ್ನು ನೆಲದಿಂದ 300 ಮಿಲಿಮೀಟರ್, ಅಂದರೆ ಸುಮಾರು ಒಂದಡಿ ಎತ್ತರದಲ್ಲಿ ಅಂಟಿಸಿದರೆ ಬಿದ್ದವರ ಕೈಗೂ ಸಿಗುತ್ತದೆ. ಗಂಟೆ ಎದುರು ಮನೆಯಲ್ಲಿ ಬಾರಿಸುವಂತೆ ಮಾಡಿಕೊಳ್ಳಬಹುದು.

ನಾಣ್ಯವನ್ನೋ ಕಡ್ಡಿಯನ್ನೋ ದಾರಕ್ಕೆ ಕಟ್ಟಿ ಬಚ್ಚಲ ಬಾಗಿಲಿನ ಪಕ್ಕದ ಮೊಳೆಗೆ, ಮಗುವಿಗೆ ಎಟುಕದ ಎತ್ತರದಲ್ಲಿ ತೂಗುಹಾಕಿ ಅಲ್ಲಿಯೇ ಬಿಡಬೇಕು. ಮನೆಯ ಪ್ರತಿಯೊಬ್ಬರೂ ಒಮ್ಮೆಯಾದರೂ ತಾವೇ ತೆಗೆದು ನೋಡಿರಬೇಕು. ಹಗಲೆಲ್ಲ ಅಜ್ಜಿಯ ಜೊತೆ ಇರುವ ಕೆಲಸದಾಕೆಗೆ ಎಲ್ಲರಿಗಿಂತ ಮೊದಲು ತೋರಿಸಿಕೊಡಬೇಕು. ಒಳಗಿನಿಂದ ಉತ್ತರ ಬಾರದಿದ್ದರೆ ಎರಡು ಸಲ ಕೂಗಿ, ತಡಮಾಡದೆ ತೆರೆಯಬೇಕು. ಬಾಗಿಲು ಅಡ್ಡಗಟ್ಟಿದ್ದರೆ ತಳ್ಳಾಟ ನಿಲ್ಲಿಸಿ 101ಕ್ಕೆ ಅಗ್ನಿಶಾಮಕ ದಳವನ್ನೂ 108ಕ್ಕೆ ಆ್ಯಂಬುಲೆನ್ಸನ್ನೂ ಕರೆಯಬೇಕು. ಗ್ಯಾಸ್ ಗೀಸರ್ ಉರಿಯುತ್ತಿದ್ದರೆ ಬಾಗಿಲು ತೆರೆದ ಕೂಡಲೇ ಅದನ್ನು ಆರಿಸಿ, ಕಿಟಕಿಗಳನ್ನೆಲ್ಲ ತೆಗೆದು, ಬಿದ್ದವರನ್ನು ಮೊದಲು ಗಾಳಿ ಬರುವ ಕಡೆ ಎಳೆದು ತರಬೇಕು.